ಮರ ಕೊರೆಯುವ ಬಿಟ್

ತುರುವೇಕೆರೆಯಲ್ಲಿ ನಮ್ಮ ಪಕ್ಕದ ಮನೆಯ ಅಕ್ಕ ತೋಟದ ಪಂಪ್‌ಸೆಟ್ಟುಗಳಿಗೆ ಬೇಕಾದ ಸರ್ಕ್ಯೂಟ್ ಬೋರ್ಡುಗಳನ್ನು ಮನೆಯಲ್ಲೇ ಕೊರೆದು ಮಾಡುತ್ತಿದ್ದರು. ಕೊರೆದ ಗೆರೆಯನ್ನು ಉಗುರಿನಿಂದ ಸವರಿ, "ಇನ್ನೂ ನುಣುಪಾಗ್ಬೇಕು ಕಣಪ್ಪ" ಎನ್ನುವುದು ಅವರ ಅಭ್ಯಾಸ.

ಒಮ್ಮೆ ಹಾರ್ಡ್‌ವೇರ್ ಅಂಗಡಿಯವನು ಕೊಟ್ಟ ಕೊರೆಯುವ ಬಿಟ್ ಮೊದಲ ಬೋರ್ಡಿಗೇ ಮೊಂಡಾಗಿ, ಗೆರೆಯ ಪಕ್ಕದ ತಾಮ್ರದ ಪದರವನ್ನೆಲ್ಲ ಕಿತ್ತುಹಾಕಿತು. ಅಕ್ಕ ನನ್ನನ್ನೂ ಕರೆದುಕೊಂಡು ಹೋಗಿ ಬೋರ್ಡು, ಬಿಟ್, ಕೊರೆಯುವ ಕೈಮಿಷನ್ನು ಮೂರನ್ನೂ ಅವನ ಮುಂದಿಟ್ಟರು.

"ಬಿಟ್ ಚೆನ್ನಾಗೇ ಐತೆ. ಹೆಂಗಸ್ರ ಕೈಗೆ ಇದೆಲ್ಲ ಆಗಾಕಿಲ್ಲ ಕಣಮ್ಮ" ಎಂದು ಅವನು ನಕ್ಕ.

"ಇದು ಮರ ಕೊರೆಯೋ ಬಿಟ್ ಕಣ್ರೀ! ಗಾಜಿನ ನಾರಿರೋ ಬೋರ್ಡಿಗೆ ಗಟ್ಟಿ ಕಾರ್ಬೈಡ್ ಬಿಟ್ಟೇ ಬೇಕು. ಗೊತ್ತಿಲ್ದಿದ್ರೆ ಗೊತ್ತಿಲ್ಲ ಅನ್ನಿ, ನನ್ನ ಕೈನ ಯಾಕೆ ಅಂತೀರಿ?"

ಅವರೇ ಕಪಾಟಿನಿಂದ ಕಾರ್ಬೈಡ್ ಬಿಟ್ ಆರಿಸಿ, ತಮ್ಮ ಕೈಮಿಷನ್ನಿಗೆ ಹಾಕಿ, ಅಲ್ಲೇ ಆ ಬೋರ್ಡಿನ ಮೂಲೆಯಲ್ಲಿ ಕೂದಲೆಳೆಯಂಥ ಗೆರೆ ಕೊರೆದು ತೋರಿಸಿದರು.

ಅವನು ಅದನ್ನು ನೋಡಿ, ಬಲ್ಬು ಬದಲಿಸಲೂ ಬಾರದ ನನ್ನತ್ತ ತಿರುಗಿ ಕೇಳಿದ: "ನೀವು ಕಲಿಸಿದ್ದಾ ಸಾರ್?"