ಅತ್ತೆ ನನ್ನ ಮಾತು ಕೇಳಲಿಲ್ಲ

"ಏಳಿ ಅತ್ತೆ, ಎಲ್ಲರೂ ನಮ್ಮನ್ನೇ ನೋಡ್ತಿದಾರೆ" ಎಂದೆ. ಕೆ.ಆರ್. ಪುರದಾಚೆಯ ಗಾಲ್ಫ್ ರೆಸಾರ್ಟಿಗೆ ಯಾರು ಬೇಕಾದರೂ ಹೋಗಬಹುದೆಂದು ಕೇಳಿ, ನೋಡಲು ಹೋಗಿದ್ದೆವು. ಅಲ್ಲಿನ ಹುಲ್ಲಿನಲ್ಲಿ ಒಂದೆಲಗ ಕಂಡದ್ದೇ ತಡ, ಅತ್ತೆ ಕುಕ್ಕರಗಾಲಲ್ಲಿ ಕೂತು ಸೆರಗಿನ ತುಂಬ ಕೀಳತೊಡಗಿದ್ದರು.

ದೂರದಿಂದ ಯಾರೋ ಜೋರಾಗಿ ಕೂಗಿದರು. ಸೊಪ್ಪು ಕಿತ್ತದ್ದಕ್ಕೆ ಬೈಯುತ್ತಿದ್ದಾರೆ ಎಂದುಕೊಂಡ ನಾನು ಬಗ್ಗಿ ಅತ್ತೆಯ ರಟ್ಟೆ ಹಿಡಿದು ಮೇಲೆಳೆದೆ. "ಇರಮ್ಮ, ನಮ್ಮ ಮಹದೇವಪುರದಲ್ಲಿ ಈಗ ಇದೆಲ್ಲಿ ಸಿಗುತ್ತೆ" ಎಂದು ಅವರು ಕೈ ಕೊಸರಿಕೊಂಡು ಇನ್ನೊಂದು ಎಲೆಗೆ ಬಾಗಿದರು. ಅದೇ ಕ್ಷಣ ಸುಯ್ಯೆಂದು ಏನೋ ನಮ್ಮ ತಲೆಗಳ ಮೇಲೆ ಹಾದು ಹಿಂದಿನ ಮರಕ್ಕೆ ಬಡಿಯಿತು. ತೊಗಟೆ ಸಿಡಿದು ನನ್ನ ಬೆನ್ನಿಗೆ ಬಿತ್ತು. ಕೆಳಗೆ ಬಿಳಿ ಚೆಂಡೊಂದು ಉರುಳುತ್ತಿತ್ತು.

ಚೆಂಡು ಹೊಡೆದು, ನಮ್ಮನ್ನು ಎಚ್ಚರಿಸಲು ಕೂಗಿದ್ದವರು ಓಡಿ ಬಂದರು. ಅವರ ಮುಖ ಬಿಳಿಚಿಕೊಂಡಿತ್ತು. ಅತ್ತೆ ಚೆಂಡನ್ನು ಸೆರಗಿನ ತುದಿಯಲ್ಲಿ ಒರೆಸಿ ಅವರ ಕೈಗೇ ಕೊಟ್ಟರು.

ಸಂಜೆ ಮನೆಯಲ್ಲಿ ಒಂದೆಲಗದ ಚಟ್ನಿ ಆಯಿತು. ನನ್ನ ಮಾತು ಕೇಳಿ ಅವರು ಎದ್ದು ನಿಂತಿದ್ದರೆ ಎಂದು ನೆನೆದು ತುತ್ತನ್ನು ತಟ್ಟೆಗೇ ಹಾಕಿ ನೀರು ಕುಡಿದೆ. "ಯಾಕಮ್ಮ, ಖಾರ ಆಯ್ತಾ?" ಎಂದರು ಅತ್ತೆ. ಹೌದೆಂದು ತಲೆಯಾಡಿಸಿದೆ.