ತೊಡೆಯ ಕೆಳಗಿನ ಕೈ

2002ರ ಅಕ್ಟೋಬರ್ 20, ಭಾನುವಾರದ ಪುಟದಲ್ಲಿ ನಾನು ಬರೆದಿರುವುದು ಇಷ್ಟೇ: ‘ಸಂಜೆ 5ಕ್ಕೆ ಸಂಗೀತ. ಟಿಕೆಟ್ 2, ಶೆಫ್ ಕೊಟ್ಟದ್ದು. ನುಡಿಸಿದ್ದು ಒಟ್ಟು 11. ಕೊನೆಗೆ ಶೆಫ್ ಕೈ ಕುಲುಕಿದರು.’ ಜರ್ಮನಿಯಲ್ಲಿ ಬಾಸ್‌ಗೆ ಶೆಫ್ ಎನ್ನುತ್ತಾರೆ. ದಿನಕ್ಕೆ ಎಷ್ಟು ಲೋಟ ಕಾಫಿ, ಎಸ್-ಬಾನ್ ರೈಲು ಎಷ್ಟು ನಿಮಿಷ ತಡ ಎಂಬುದನ್ನೆಲ್ಲ ಬರೆದಿಡುವವನು ನಾನು. ಆ ಸಂಜೆಯ ಮುಖ್ಯ ಸಂಗತಿಯನ್ನು ಮಾತ್ರ ಬರೆಯಲಿಲ್ಲ. ಮರೆತು ಬಿಟ್ಟದ್ದಲ್ಲ.

ಕಂಪ್ಯೂಟರ್ ಕೆಲಸದವರಿಗೆ ಜರ್ಮನಿ ಆಗ ಕೊಡುತ್ತಿದ್ದ ಗ್ರೀನ್ ಕಾರ್ಡ್ ಮೇಲೆ ನಾನು ಬೊಬ್ಲಿಂಗೆನ್ ಊರಿಗೆ ಬಂದದ್ದು ಅದರ ಹಿಂದಿನ ವರ್ಷ ಮೇ ತಿಂಗಳಲ್ಲಿ. ಬಂದ ಮೂರನೇ ವಾರ ಏಷ್ಯನ್ ಅಂಗಡಿಯಲ್ಲಿ ತೊಗರಿಬೇಳೆ ಹುಡುಕುತ್ತಿದ್ದೆ. ಹಿಂದಿನಿಂದ ಯಾರೋ, “ಅದು ಕಡಲೆಬೇಳೆ ಕಣಯ್ಯಾ, ಕೆಳಗಿನ ಸಾಲು ನೋಡು” ಎಂದರು. ಸರ್ ಪರಿಚಯವಾದದ್ದು ಹಾಗೆ. ಮೈಸೂರಿನವರು, ಭೌತವಿಜ್ಞಾನಿ, ಮೂವತ್ತು ವರ್ಷಕ್ಕೂ ಮೇಲೆ ಇಲ್ಲಿದ್ದು ನಿವೃತ್ತರಾದವರು. ಹೆಂಡತಿ ತೀರಿಹೋಗಿದ್ದರು. ಮಗಳು ಕಲೋನ್‌ನಲ್ಲಿ ಡಾಕ್ಟರು.

ಮುಂದಿನ ಶನಿವಾರದಿಂದಲೇ ಅವರ ಮನೆಯಲ್ಲಿ ನನ್ನ ಊಟ ಶುರುವಾಯಿತು. ಸಾರು ನನ್ನದು, ಪಲ್ಯ ಅವರದು. ಊಟವಾದ ಮೇಲೆ ಅವರು ಹಳೆಯ ಕ್ಯಾಸೆಟ್ ಹಾಕುತ್ತಿದ್ದರು. ಕೀರ್ತನೆ ಶುರುವಾಗುವುದೇ ತಡ, ಅವರ ಬಲಗೈ ಊಟದ ಮೇಜಿನ ಮೇಲೆ ತಾಳ ಹಾಕಲು ತೊಡಗುತ್ತಿತ್ತು. ಒಂದು ಪೆಟ್ಟು, ಮೂರು ಬೆರಳೆಣಿಕೆ, ಮತ್ತೆ ಪೆಟ್ಟು, ಅಂಗೈ ತಿರುವು, ಪೆಟ್ಟು, ತಿರುವು. ಜೋರು ಪೆಟ್ಟಿಗೆ ಉಪ್ಪಿನ ಡಬ್ಬಿಯೊಳಗಿನ ಚಮಚ ಟಣ್ಣೆನ್ನುತ್ತಿತ್ತು. ನನಗೂ ಕಲಿಸಲು ನೋಡಿದರು. ನಾನು ಐದನೆಯದಕ್ಕೋ ಆರನೆಯದಕ್ಕೋ ತಪ್ಪುತ್ತಿದ್ದೆ.

“ಏನು ಶಾನುಭೋಗ್ರೇ,” ಎನ್ನುತ್ತಿದ್ದರು. ಡೈರಿಯ ದೆಸೆಯಿಂದ ನನಗೆ ಬಿದ್ದ ಹೆಸರು ಅದು. “ಎಣಿಸೋದೇ ನಿಮ್ಮ ಕಸುಬು. ಎಂಟರ ತನಕ ಎಣಿಸೋಕೆ ಬರಲ್ವಲ್ಲ! ಬರ್ಕೊಳ್ಳಿ ಇವತ್ತಿನ ತಪ್ಪು ಎಷ್ಟು ಅಂತ.”

ಬರೆದುಕೊಳ್ಳುತ್ತಿದ್ದೆ. ಆ ಅಕ್ಟೋಬರ್‌ವರೆಗೆ ಶನಿವಾರಗಳು 58, ನನ್ನ ತಾಳದ ತಪ್ಪುಗಳು 213.

“ಇಲ್ಲಿನ ಸಂಗೀತಕ್ಕೆ ಹೋದಾಗ ಏನು ಮಾಡ್ತೀರಿ ಸರ್?” ಎಂದು ಒಮ್ಮೆ ಕೇಳಿದ್ದೆ.

“ಕೈನ ತೊಡೆ ಕೆಳಗಿಟ್ಕೊಂಡು ಅದರ ಮೇಲೆ ಕೂತ್ಕೋತೀನಿ. ಮೂವತ್ತು ವರ್ಷದಿಂದ. ಇಲ್ಲಿಯವರು ಕೆಮ್ಮೋದಕ್ಕೂ ಸಮಯ ನೋಡ್ತಾರೆ. ನಾವು ತೊಡೆ ತಟ್ಟಿದ್ರೆ ಕುಸ್ತಿಗೆ ಬಂದಿದಾನೆ ಅಂದ್ಕೋತಾರೆ” ಎಂದು ನಕ್ಕರು.

ಆ ಭಾನುವಾರದ ಟಿಕೆಟ್ ಕೊಟ್ಟ ಶೆಫ್ ಎಂದರೆ ನಮ್ಮ ವಿಭಾಗದ ಮುಖ್ಯಸ್ಥರು. ಬಿಡುವಿನಲ್ಲಿ ಚೆಲ್ಲೊ ಎಂಬ ದೊಡ್ಡ ಪಿಟೀಲು ನುಡಿಸುತ್ತಿದ್ದರು. ಊರಿನವರೇ ನಾಲ್ವರು ಸೇರಿದ ತಂಡ: ಎರಡು ಪಿಟೀಲು, ಒಂದು ವಿಯೋಲ, ಇವರ ಚೆಲ್ಲೊ. ಆ ಸಲ ಅವರ ಜೊತೆ ಒಬ್ಬ ಅಮೆರಿಕದವನು ಸೇರಿದ್ದ. ಅವನ ನಾಡಿನ ಬೆಟ್ಟದ ಜನ ಮದುವೆಯಲ್ಲಿ, ಕಣದಲ್ಲಿ ಕುಣಿತಕ್ಕೆ ನುಡಿಸುವ ಬ್ಲೂಗ್ರಾಸ್ ಪಿಟೀಲು ಅವನದು. ಎರಡನ್ನೂ ಬೆರೆಸಿ ನುಡಿಸುವುದೆಂದು ಚೀಟಿಯಲ್ಲಿ ಅಚ್ಚಾಗಿತ್ತು.

ಆ ವರ್ಷ ಕಂಪನಿಯಲ್ಲಿ ಜನರನ್ನು ಕಡಿಮೆ ಮಾಡುತ್ತಿದ್ದರು. ನನ್ನ ಕಾಂಟ್ರ್ಯಾಕ್ಟ್ ಡಿಸೆಂಬರ್‌ಗೆ ಮುಗಿಯುತ್ತಿತ್ತು. ಮುಂದುವರಿಸುವ ಕಾಗದಕ್ಕೆ ಸಹಿ ಮಾಡಬೇಕಾದವರು ಇದೇ ಶೆಫ್. ಹಾಗಾಗಿ ನಾನು ಇಸ್ತ್ರಿ ಮಾಡಿದ ಅಂಗಿ ಹಾಕಿ, ಸರ್ ಜೊತೆ ಇಪ್ಪತ್ತು ನಿಮಿಷ ಮೊದಲೇ ಚರ್ಚಿನ ಸಭಾಭವನಕ್ಕೆ ಹೋದೆ. ನಮ್ಮ ಜಾಗ ಎರಡನೇ ಸಾಲಿನಲ್ಲಿತ್ತು. ಸರ್ ಕೂತವರೇ ಎರಡೂ ಕೈಯನ್ನು ತೊಡೆಯ ಕೆಳಗೆ ಸೇರಿಸಿ ನನಗೆ ಕಣ್ಣು ಮಿಟುಕಿಸಿದರು.

ಮೊದಲು ನಾಲ್ವರೇ ಒಂದು ನಿಧಾನದ ರಚನೆ ನುಡಿಸಿದರು. ಆಮೇಲೆ ಚೌಕುಳಿ ಅಂಗಿಯ ಆ ಮನುಷ್ಯ ಬಂದ. ಮುಂದೆ ಕಾಗದವಿಲ್ಲ, ಸ್ಟ್ಯಾಂಡ್ ಇಲ್ಲ. ನಾಲ್ವರು ಮೆಲ್ಲಗೆ ಹಾಸಿದ ಸ್ವರದ ಮೇಲೆ ಅವನ ಕಮಾನು ಚುರುಕಾಗಿ, ಗಿಡ್ಡ ಗಿಡ್ಡ ಹೆಜ್ಜೆಯಲ್ಲಿ ಓಡಿತು. ಒಂದು ನಿಮಿಷ ಆಗಿರಲಿಕ್ಕಿಲ್ಲ, ಪಕ್ಕದಲ್ಲಿ ಏನೋ ಅಲುಗಿತು. ಸರ್ ಬಲಗೈ ಹೊರಗೆ ಬಂದಿತ್ತು.

“ಆದಿತಾಳ ಕಣಯ್ಯಾ,” ಎಂದು ಪಿಸುಗುಟ್ಟಿದರು. “ಅಪ್ಪಟ ಆದಿತಾಳ.”

ಮುಂದಿನ ಮಟ್ಟಿನಲ್ಲಿ ಒಂದು ತಿರುವಿತ್ತು. ಮೊದಲಿಗೆ ಮರಳುವ ಕಡೆ ಎರಡು ಎಣಿಕೆ ಹೆಚ್ಚು. ಮೊದಲ ಸಲ ಸರ್ ಕೈ ಗಾಳಿಯಲ್ಲೇ ನಿಂತಿತು. ಎರಡನೇ ಸಲ ಕಾದು ನಿಂತು ಸರಿಯಾದ ಕಡೆ ಬಿತ್ತು. “ಕಳ್ಳ! ಎರಡು ಬಚ್ಚಿಟ್ಕೊಂಡಿದಾನೆ!” ಎಂದರು, ಈ ಸಲ ಪಿಸುಮಾತಿನಲ್ಲಿ ಅಲ್ಲ. ಪಿಟೀಲಿನವನು ಅದನ್ನು ಕಂಡ. ಮೂರನೇ ಸಲ ಆ ತಿರುವು ಬರುವಾಗ ನೇರವಾಗಿ ಸರ್ ಕೈಯನ್ನೇ ನೋಡಿ ನುಡಿಸಿದ. ಕೈಯೂ ಕಮಾನೂ ಒಟ್ಟಿಗೆ ಇಳಿದವು. ಸರ್ ಮುಖ ಹಾಗೆ ಅರಳಿದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ.

ನಾನು ನೋಡುತ್ತಿದ್ದದ್ದಾದರೂ ಏನು? ಶೆಫ್ ಹುಬ್ಬನ್ನು. ಹುಬ್ಬು ಗಂಟಿಕ್ಕಿ ನಮ್ಮ ಕಡೆಗೆ ನೋಡಿದರು. ಒಂದು. ಮತ್ತೆ. ಎರಡು. ಮುಂದಿನ ಸಾಲಿನ ಹೆಂಗಸು ಅರೆಕ್ಷಣ ಹಿಂದೆ ತಿರುಗಿದಳು. ಶೆಫ್ ಮೂರನೇ ಸಲ ಗಂಟಿಕ್ಕಿದಾಗ, ತೊಡೆಯ ಮೇಲೆ ಬೀಳಲಿದ್ದ ಸರ್ ಕೈಯನ್ನು ನಾನು ಹಿಡಿದುಬಿಟ್ಟೆ. ಮುಟ್ಟಿ ಎಚ್ಚರಿಸಿದ್ದಲ್ಲ. ಮಣಿಕಟ್ಟು ಹಿಡಿದು, ಕೆಳಕ್ಕೆ ಒತ್ತಿ, ಆ ಮಟ್ಟು ಮುಗಿಯುವ ತನಕ ಹಾಗೇ ಇಟ್ಟುಕೊಂಡೆ. “ಸರ್, ಪ್ಲೀಸ್. ನಮ್ಮ ಶೆಫ್ ನೋಡ್ತಿದಾರೆ.”

ಅವರು ನನ್ನ ಮುಖ ನೋಡಿದರು. “ಹೌದಲ್ವಾ,” ಎಂದರು. ಕೈಯನ್ನು ಮೆಲ್ಲಗೆ ಬಿಡಿಸಿಕೊಂಡು ತೊಡೆಯ ಕೆಳಗೆ ಇಟ್ಟರು. ಕೊನೆಯ ತನಕ ಅದು ಹೊರಗೆ ಬರಲಿಲ್ಲ.

ಮುಗಿದ ಮೇಲೆ ಶೆಫ್ ಆ ಪಿಟೀಲಿನವನನ್ನು ಕರೆದುಕೊಂಡು ನಮ್ಮ ಬಳಿಗೇ ಬಂದರು. ನನ್ನ ಕೈ ಕುಲುಕಿದರು. ಪಿಟೀಲಿನವನು ನನ್ನನ್ನು ದಾಟಿ ಸರ್ ಎದುರು ನಿಂತು ಇಂಗ್ಲಿಷಿನಲ್ಲಿ ಕೇಳಿದ: “ನಿಮ್ಮ ಕೈ ಎಲ್ಲಿ ಹೋಯಿತು? ಕೊನೆಯವನ್ನೆಲ್ಲ ಅದನ್ನು ಹುಡುಕುತ್ತಲೇ ನುಡಿಸಿದೆ.”

ಸರ್ ಒಂದು ಕ್ಷಣವೂ ತಡಮಾಡಲಿಲ್ಲ. “ವಯಸ್ಸಾಯಿತು ನೋಡಿ. ಜೋಮು ಹಿಡಿದುಬಿಟ್ಟಿತು,” ಎಂದು ಕೈ ಕೊಡವಿ ತೋರಿಸಿದರು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಸೋಮವಾರ ಆಫೀಸಿನಲ್ಲಿ ಕ್ಷಮೆ ಕೇಳುವವನಂತೆ ಶೆಫ್ ಹತ್ತಿರ ಹೋದೆ. “ನಿನ್ನೆ ನಮ್ಮಿಂದ ನಿಮಗೆ ತೊಂದರೆಯಾಯಿತೇನೋ.” ಅವರಿಗೆ ಅರ್ಥವಾಗಲಿಲ್ಲ. ಹುಬ್ಬಿನ ಮಾತೆತ್ತಿದೆ. ದೊಡ್ಡದಾಗಿ ನಕ್ಕರು. ಚೆಲ್ಲೊಗೆ ಬಿಡುವು ಇರುವ ಕಡೆಯೆಲ್ಲ ಮನಸ್ಸಿನಲ್ಲೇ ಎಣಿಸಬೇಕಂತೆ. ಎಣಿಸುವಾಗ ಅವರ ಮುಖ ಹಾಗಾಗುತ್ತದಂತೆ, ಹೆಂಡತಿಯೂ ಬೈಯುತ್ತಾಳಂತೆ. ಕಾಂಟ್ರ್ಯಾಕ್ಟ್ ಕಾಗದಕ್ಕೆ ಅವರು ಹಿಂದಿನ ಗುರುವಾರವೇ ಸಹಿ ಹಾಕಿದ್ದರು.

ಆ ದಿನ ನೆನಪಾದದ್ದು ನಾನು ಬಂದ ಹೊಸತರಲ್ಲಿ ಸರ್ ಜೊತೆ ಹೋದ ಮೊದಲ ಸಂಗೀತ. ಒಂದು ಭಾಗ ಮುಗಿದದ್ದೇ ನಾನು ಜೋರಾಗಿ ಚಪ್ಪಾಳೆ ತಟ್ಟಿದ್ದೆ. ಇಡೀ ರಚನೆ ಮುಗಿಯುವ ತನಕ ಇಲ್ಲಿ ಯಾರೂ ತಟ್ಟುವುದಿಲ್ಲ. ಸಭೆಯೆಲ್ಲ ಮೌನವಾಗಿರುವಾಗ ನನ್ನದೊಂದೇ ಚಪ್ಪಾಳೆ. ಮೂರನೆಯದಕ್ಕೆ ಪಕ್ಕದಲ್ಲಿ ಇನ್ನೊಂದು ಜೊತೆ ಕೈ ಸೇರಿಕೊಂಡಿತು. ಸರ್, ಮೂವತ್ತು ವರ್ಷದ ಅನುಭವವಿದ್ದವರು, ವೇದಿಕೆಯನ್ನೇ ನೋಡುತ್ತಾ, ಏನೂ ಗೊತ್ತಿಲ್ಲದವರ ಹಾಗೆ ನನ್ನ ಜೊತೆ ಚಪ್ಪಾಳೆ ತಟ್ಟುತ್ತಿದ್ದರು.

ಮುಂದಿನ ಶನಿವಾರ ‘ತಪ್ಪಾಯಿತು ಸರ್’ ಎನ್ನಲೆಂದೇ ಹೋದೆ. ಪಲ್ಯ ಬಡಿಸಿದರು, ಹೊಸ ಹೀಟರಿನ ಬಗ್ಗೆ ಮಾತಾಡಿದರು. ಕ್ಯಾಸೆಟ್ ಹಾಕಲಿಲ್ಲ. ನಾನು ಹೀಟರಿನ ಬೆಲೆ ಕೇಳಿ ಎದ್ದು ಬಂದೆ. ಆ ಚಳಿಗಾಲದಲ್ಲಿ ನಾಲ್ಕು ಸಲ ಸಂಗೀತಕ್ಕೆ ಕರೆದೆ. ಎರಡು ಸಲ ನೆಗಡಿ, ಒಂದು ಸಲ ಮಂಡಿ ನೋವು, ಒಂದು ಸಲ “ನೀನು ಹೋಗಿ ಬಾಪ್ಪಾ.” ಶಾನುಭೋಗ್ರೇ ಎಂದು ಕರೆದದ್ದು, ಅಕ್ಟೋಬರ್ 20ರ ನಂತರ, ಸೊನ್ನೆ ಸಲ.

2003ರ ಮಾರ್ಚ್ 15, ಶನಿವಾರ, ಅವರ ಮನೆಯಲ್ಲಿ ನನ್ನ ಕೊನೆಯ ಊಟ. ಅವರಿಗೆ ಮಗಳ ಮನೆಯ ಹತ್ತಿರ ಸಣ್ಣ ಫ್ಲ್ಯಾಟ್ ಸಿಕ್ಕಿತ್ತು. ಡಬ್ಬಗಳಿಗೆ ಟೇಪ್ ಹಚ್ಚಿದೆವು, ಒಟ್ಟು 37. ಮೇಜು, ಎರಡು ಕುರ್ಚಿ, ಟೇಪ್ ರೆಕಾರ್ಡರ್ ಮಾತ್ರ ಹೊರಗಿದ್ದವು. “ಒಂದು ಹಾಕಿ ಸರ್,” ಎಂದೆ. ಹಾಕಿದರು. ಕೀರ್ತನೆ ಶುರುವಾಯಿತು. ಅವರು ಕುರ್ಚಿಯಲ್ಲಿ ಕೂತು, ತಮ್ಮದೇ ಮನೆಯಲ್ಲಿ, ನನ್ನ ಎದುರಿಗೆ, ಬಲಗೈಯನ್ನು ತೊಡೆಯ ಕೆಳಗೆ ಸೇರಿಸಿದರು. ಬೇಕೆಂದು ಮಾಡಿದ್ದಲ್ಲ. ಅವರ ಗಮನ ಹಾಡಿನಲ್ಲಿತ್ತು.

ಆಗಲಾದರೂ ಬಾಯಿ ಬಿಡಬಹುದಿತ್ತು. ಅದರ ಬದಲು ಮೇಜಿನ ಮೇಲೆ ನಾನೇ ತಾಳ ಹಾಕಲು ಶುರು ಮಾಡಿದೆ. ಐದನೆಯದಕ್ಕೆ ತಪ್ಪಿದೆ. ಮತ್ತೆ ಹಾಕಿದೆ, ಈ ಸಲ ಬೇಕೆಂದೇ ಎರಡನೆಯದಕ್ಕೇ ತಪ್ಪಿದೆ. ಬೈಯಲಿ, ಅಣಕಿಸಲಿ, ಕೈ ಹಿಡಿದು ತಿದ್ದಲಿ ಎಂದು ಅವರ ಮುಖವನ್ನೇ ನೋಡಿದೆ.

ಸರ್ ತಲೆದೂಗಿದರು.

“ಚೆನ್ನಾಗಿ ಹಾಕ್ತೀಯಪ್ಪಾ,” ಎಂದರು.