ಮೀಟರಿನೊಡನೆ ಚೌಕಾಸಿ ಮಾಡುವ ಅಕ್ಕ

ತೂಕಕ್ಕೆ ಹಾಕಿದರೆ ಒಂದು ಮೂಟೆ ಈರುಳ್ಳಿಗೆ ಸಮ. ಬಾಯಿಗೆ ಬೆಲೆ ಕಟ್ಟಹೊರಟರೆ ಇಡೀ ಮಾರುಕಟ್ಟೆಯನ್ನೇ ಅಡವಿಡಬೇಕು. ಹಣ್ಣಿನಂಗಡಿ ಇಟ್ಟಿರುವ ಈ ತಮ್ಮ ತನ್ನ ಅಕ್ಕನ ಬಗ್ಗೆ ಬರೆಯುವಾಗ ಮೊದಲು ಹೇಳಬೇಕಾದದ್ದು ಇದು. ಅಂಗಡಿಯ ಮಗ್ಗುಲಲ್ಲೇ ಅವಳ ಜ್ಯೂಸ್ ಕೌಂಟರು. ಅಕ್ಕನೆಂಬ ಮಾಲು ಹೊರಗೆ ಕೊಂಚ ಬಾಡಿದೆ, ಒಳಗೆ ಗಟ್ಟಿ.

ಊರಿಗೆಲ್ಲ ಸಿಹಿ ಹಿಂಡಿಕೊಡುವವಳಿಗೇ ಸಕ್ಕರೆ ಕಾಯಿಲೆ ಬಂತು. ಅತ್ತು ಕೂರುವ ಜಾತಿಯಲ್ಲ ಅಕ್ಕ. ಬೆಳಿಗ್ಗೆ ತಿಂಡಿಗೆ ಮುಂಚೆ ಬೆರಳು ಚುಚ್ಚಿ, ಸಕ್ಕರೆ ಅಳೆಯುವ ಮೀಟರಿನ ಪಟ್ಟಿಗೆ ರಕ್ತದ ಹನಿ ತಾಗಿಸುವಳು. ಅಂಕಿ ಏರಿದ್ದರೆ, "ಏನಪ್ಪಾ, ಇವತ್ತು ದರ ಏರಿಸಿಬಿಟ್ಯಾ? ಸ್ವಲ್ಪ ನೋಡಿ ಹೇಳು!" ಎಂದು ಜಗಳ.

ಮುಂದೆ ತಮ್ಮನಿಗೂ ಅದೇ ಕಾಯಿಲೆ ಬಂದು, ಇನ್ಸುಲಿನ್ ಶುರುವಾಯಿತು. ಒಂದು ಮಧ್ಯಾಹ್ನ ಅವನು ಒಡೆದ ದ್ರಾಕ್ಷಿ ಆರಿಸಿ ಎಸೆದು, ಊಟಕ್ಕೆ ಮುಂಚೆ ಬೆರಳು ಚುಚ್ಚಿಕೊಂಡ. ಮುನ್ನೂರ ತೊಂಬತ್ತು! ಇನ್ಸುಲಿನ್ ಪೆನ್ನು ತೆಗೆದು, ಹೆಚ್ಚಿನ ಡೋಸಿಗೆ ತಿರುಗಿಸತೊಡಗಿದ.

"ಏನೋ ಅದು, ಮುಖ ಹಿಂಡಿದ ಮೂಸಂಬಿ ತರ ಆಗಿದೆ?" ಅಕ್ಕ ಬಂದಳು.

"ಮುನ್ನೂರ ತೊಂಬತ್ತು ಕಣೇ. ಏರಿದ್ರೆ ಜಾಸ್ತಿ ತಗೋ ಅಂದಿದಾರಲ್ಲ ಡಾಕ್ಟ್ರು."

ಅಕ್ಕ ಅವನ ಕೈ ಹಿಡಿದಳು. ಬೆರಳು ಅಂಟಂಟು.

"ಕೈ ತೊಳೆದ್ಯಾ?"

"ಒರೆಸ್ಕೊಂಡೆ."

"ಒರೆಸ್ಕೊಂಡ್ನಂತೆ! ಬೆರಳಿಗಂಟಿದ ದ್ರಾಕ್ಷಿ ರಸಕ್ಕೆ ಸಕ್ಕರೆ ಇದ್ರೆ ನೀನ್ಯಾಕೋ ಇನ್ಸುಲಿನ್ ಚುಚ್ಕೋತೀಯಾ? ನಾನೂ ಹಿಂದೆ ಕಿತ್ತಳೆ ಸುಲಿದ ಕೈಯಲ್ಲೇ ನೋಡ್ಕೊಂಡು, ಹೆದರಿ ದಿನವೆಲ್ಲ ಸೌತೆಕಾಯಿ ಮೆದ್ದೋಳು. ಕ್ಲಿನಿಕ್ಕಿನ ನರ್ಸು ನಕ್ಕಿದ್ದೇ ನಕ್ಕಿದ್ದು. ಹೋಗು, ಸೋಪು ಹಚ್ಚಿ ತೊಳ್ಕೊಂಡು, ಚೆನ್ನಾಗಿ ಒಣಗಿಸ್ಕೊಂಡು ಬಾ."

"ಇನ್ನೊಂದು ಪಟ್ಟಿ ದಂಡ ಅಲ್ವೇನೇ?"

"ನೀನು ಬಿದ್ರೆ ಎತ್ತೋಕೆ ನಾಲ್ಕು ಜನ ಬೇಕು. ಪಟ್ಟಿನೇ ಅಗ್ಗ, ನಡಿ."

ತೊಳೆದು, ಒಣಗಿಸಿ, ಬೇರೆ ಬೆರಳು ಚುಚ್ಚಿದ. ನೂರ ಹನ್ನೆರಡು.

ತಮ್ಮ ಪೆನ್ನನ್ನು ಮೆಲ್ಲಗೆ ಹಿಂದಕ್ಕೆ ತಿರುಗಿಸಿದ. ಆ ಹೆಚ್ಚಿನ ಡೋಸು ಒಳಗೆ ಹೋಗಿದ್ದರೆ ಸಕ್ಕರೆ ಪಾತಾಳಕ್ಕಿಳಿದು, ಕೈಕಾಲು ನಡುಗಿ, ಹಣ್ಣಿನ ಪೆಟ್ಟಿಗೆಗಳ ನಡುವೆ ಉರುಳುತ್ತಿದ್ದ.

"ಮೀಟರು ಸರಿಯಾಗೇ ಅಳೆದಿದೆ ಕಣೋ," ಎಂದಳು ಅಕ್ಕ, "ನೀನು ಕೊಟ್ಟ ಮಾಲೇ ಕಲಬೆರಕೆ."

ಎಂದಿನ ಡೋಸನ್ನಷ್ಟೇ ತೆಗೆದುಕೊಂಡು ತಮ್ಮ ಊಟಕ್ಕೆ ಕೂತ. ಆ ಊಟಕ್ಕೆ ಅವನು ಜೀವಂತವಾಗಿ ಕೂತದ್ದು ಅಕ್ಕನಿಂದ. ಅವಳಿಗೆ ಈ ತಮ್ಮ ಋಣಿ.